ಲೋಕದ ಹಸಿವಿಗೆ ಮೂರು ದಿನದ ಊಟ

ಊಟದ ಬಗ್ಗೆ ಮಾತಾಡಲು ದೊಡ್ಡವರು ಸೇರಿದ ಕಡೆ, ಊಟ ಬಡಿಸುವವರ ಪಾಡೇನು ಎಂದು ಯಾರೂ ಬರೆದಿಟ್ಟ ಹಾಗಿಲ್ಲ. ಆಗುವುದಂತೂ ಆಗುತ್ತಲೇ ಇರುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸೂರತ್, ಗುವಾಹಟಿ, ಪೋರ್ಟ್ ಬ್ಲೇರ್ ಅಂತ ಅಲೆದು, ಈಗ ಕೋಲ್ಕತ್ತಾದ ಕಸ್ಬಾದಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲಿನಲ್ಲಿದ್ದೇನೆ. ತರಕಾರಿ ತರುವುದು, ಕೇಟರಿಂಗಿಗೆ ಹೋದಾಗ ಪಾತ್ರೆ ಹೊರುವುದು, ಬಂಗಾಳಿಯಲ್ಲಿ ಬೈಸಿಕೊಳ್ಳುವುದು, ಮೂರೂ ನನ್ನ ಇಲಾಖೆ.

ನಮ್ಮ ಹೋಟೆಲಿದ್ದ ಕಟ್ಟಡವನ್ನು ಕೆಡವುವವರಿದ್ದರು. ಅದೇ ಹೊತ್ತಿಗೆ ಹತ್ತಿರದ ಸಂಸ್ಥೆಯೊಂದರಲ್ಲಿ ಲೋಕದ ಕೃಷಿ, ಲೋಕದ ಆಹಾರ ಇವುಗಳ ಮೇಲೆ ಮೂರು ದಿನದ ಸಮ್ಮೇಳನ ಬಂತು. ಅಲ್ಲಿ ಪ್ರೊಫೆಸರ್ ಆಗಿರುವ ಮೈಸೂರಿನ ಮೇಡಂ ನಮ್ಮ ಗಿರಾಕಿ. ಊಟದ ಕೆಲಸ ನಮಗೆ ಕೊಡಿಸಿದರು.

"ಊಟ ಸರಿಹೋದ್ರೆ ಸಂಸ್ಥೆಯ ಕ್ಯಾಂಟೀನ್ ನಿಮಗೇ ಅಂತ ಡೈರೆಕ್ಟರ್ ಹೇಳಿದಾರೆ ಕಣ್ರೀ. ಕೆಟ್ರೆ ನಿಮ್ಮ ಜೊತೆ ನನ್ನ ಮಾನಾನೂ ಹೋಗತ್ತೆ."

ಯಜಮಾನರು ಅವತ್ತಿನಿಂದ ನಿದ್ದೆ ಬಿಟ್ಟರು. ಕ್ಯಾಂಟೀನ್ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ನನಗೆ ಅದು ಅಭ್ಯಾಸ. ಅವರಿಗಲ್ಲ.

ಹತ್ತಿರದ ಸಾಂಬಾರು

ಮೊದಲ ದಿನ ಬೆಳಿಗ್ಗೆಯೇ ಮೇಡಂ ಅಡುಗೆಮನೆಗೆ ಓಡಿ ಬಂದರು. ವಿದೇಶದಿಂದ ಬಂದ ಒಬ್ಬ ವಿಜ್ಞಾನಿಯ ಬೇಡಿಕೆ. ದೂರದಿಂದ ಸಾಗಿಸಿ ತಂದ ಪದಾರ್ಥ ಊಟದಲ್ಲಿ ಇರಬಾರದಂತೆ. ಲಾರಿ, ರೈಲಿನ ಹೊಗೆಯಿಂದ ಭೂಮಿ ಹಾಳಾಗುತ್ತದಂತೆ.

ಯಜಮಾನರು ಕುದಿಯುತ್ತಿದ್ದ ಸಾಂಬಾರು ನೋಡಿದರು. ಮೆಣಸು ಬ್ಯಾಡಗಿಯದು. ಹುಣಸೆ ತುಮಕೂರಿನದು. ಇಂಗು ಯಾವ ದೇಶದ್ದೋ ಅದಕ್ಕೇ ಗೊತ್ತು.

"ಹಾಗಾದರೆ ಮೊದಲು ನಾನೇ ಹೊರಗೆ ಹೋಗಬೇಕಲ್ಲ ಮೇಡಂ. ನಾನು ಬಂದದ್ದೂ ರೈಲಿನಲ್ಲೇ."

"ತಮಾಷೆ ಬೇಡ. ಕ್ಯಾಂಟೀನ್ ನೆನಪಿರಲಿ."

ಕೊನೆಗೆ ಅವರೊಬ್ಬರಿಗೆ ಬೇರೆ ಪಾತ್ರೆಯಲ್ಲಿ ಊರ ಹೊರಗಿನ ಹೊಲದ, ತೊಂಡೆಯಂಥ ಪಟೋಲ್ ಕಾಯಿ, ಕುಂಬಳ, ಗದ್ದೆಬದಿಯ ಸೊಪ್ಪು ಬೇಯಿಸಿ, ಉಪ್ಪು ಹಾಕಿ, ಅದಕ್ಕೆ ಸಾಂಬಾರು ಅಂತ ಹೆಸರಿಟ್ಟೆವು. ಅವರು ಉಂಡು ತುಂಬ ಸಂತೋಷಪಟ್ಟರು. ನನ್ನ ಕೈ ಕುಲುಕಿದರು. ಆಮೇಲೆ ಚೀಲದಿಂದ ಒಂದು ಡಬ್ಬ ತೆಗೆದು ಬಿಸಿನೀರು ಕೇಳಿದರು. ತಮ್ಮ ಊರಿನ ಕಾಫಿಪುಡಿಯಂತೆ. ಬೇರೆ ಕಡೆಯದು ಅವರಿಗೆ ಒಗ್ಗುವುದಿಲ್ಲವಂತೆ.

ಯಜಮಾನರು ಮೆಲ್ಲಗೆ ಮೇಡಂ ಅವರನ್ನು ಕೇಳಿದರು: "ಅವರ ಊರಲ್ಲಿ ಕಾಫಿ ಬೆಳೀತಾರಾ?"

"ಇಲ್ಲ ಕಣ್ರೀ. ಅಲ್ಲಿ ವರ್ಷದಲ್ಲಿ ಆರು ತಿಂಗಳು ಬರೀ ಹಿಮ."

ಯಜಮಾನರು ಬಿಸಿನೀರು ಕೊಟ್ಟರು. ನೀರು ಇಲ್ಲಿಯದೇ ಎಂದು ಭರವಸೆಯನ್ನೂ ಕೊಟ್ಟರು.

ರೈತರ ಮಾತು

ಎರಡನೇ ದಿನ ಸಿರಿಧಾನ್ಯದ ದಿನ. ಲೋಕ ಉಳಿಯಬೇಕಾದರೆ ಇನ್ನು ಮೇಲೆ ಅದನ್ನೇ ತಿನ್ನಬೇಕೆಂದು ಬೆಳಗಿನ ಸಭೆಯಲ್ಲಿ ತೀರ್ಮಾನವಾಗಿತ್ತು. ಮೇಡಂ ಉತ್ಸಾಹದಿಂದ ಸೆರಗು ಸಿಕ್ಕಿಸಿಕೊಂಡು ತಾವೇ ನಿಂತು ರಾಗಿಮುದ್ದೆ ಮಾಡಿಸಿದರು. ಉಡುಪಿಯವರಾದ ಯಜಮಾನರಿಗೆ ಅದು ಬಂಗಾಳಿಗಳಿಗಿದ್ದಷ್ಟೇ ಹೊಸತು.

ಅತಿಥಿಗಳೆಲ್ಲ ಮುದ್ದೆ ಮುರಿದು ಬಾಯಿಗಿಟ್ಟು ಅಗಿಯಲು ಶುರುಮಾಡಿದರು. ಅಗಿದರು. ಅಗಿಯುತ್ತಲೇ ಇದ್ದರು. ಮೇಡಂ ಮೇಜಿನಿಂದ ಮೇಜಿಗೆ ಓಡಿ "ಅಗೀಬೇಡಿ, ನುಂಗಿ" ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡರು. ಅಗಿಯದೆ ನುಂಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಪೌಷ್ಟಿಕಾಂಶದ ತಜ್ಞರೊಬ್ಬರು ಹೇಳಲು ಹೊರಟರು. ಬಾಯಿ ಬಿಡಲಾಗಲಿಲ್ಲ.

ಕೋಲ್ಕತ್ತಾದ ದಕ್ಷಿಣಕ್ಕೆ ಕ್ಯಾನಿಂಗ್ ಅಂತ ಒಂದು ಊರು, ಆ ಕಡೆಯಿಂದ ಒಬ್ಬ ರೈತರನ್ನು ಕರೆಸಿದ್ದರು. ರೈತರಿಲ್ಲದೆ ಕೃಷಿ ಸಮ್ಮೇಳನ ಮಾಡಿದರು ಅಂತ ಆಮೇಲೆ ಮಾತು ಬರಬಾರದಲ್ಲ. ಅವರು ಮುದ್ದೆಯನ್ನು ಮುಟ್ಟದೆ, ಅದರ ಮೇಲೆ ಕಣ್ಣಿಟ್ಟು ಕೂತಿದ್ದರು. ಹಿಮದ ಊರಿನ ಆ ವಿಜ್ಞಾನಿ ಮೈಕ್ ಹಿಡಿದು ಕೇಳಿದರು: "ಆಹಾರದ ವಿಷಯದಲ್ಲಿ ನಮ್ಮಂಥವರಿಂದ ನೀವು ಏನು ಬಯಸುತ್ತೀರಿ?"

ಮೇಡಂ ಬಂಗಾಳಿಯಲ್ಲಿ ಪ್ರಶ್ನೆ ದಾಟಿಸಿದರು. ರೈತರು ಸ್ವಲ್ಪ ಯೋಚಿಸಿ ಹೇಳಿದರು: "ಪಾರ್ಕ್ ಸ್ಟ್ರೀಟಿನಲ್ಲಿ ಬಿರಿಯಾನಿ ಕೊಡಿಸ್ತೀವಿ ಅಂತ ನನ್ನನ್ನು ಕರ್ಕೊಂಡು ಬಂದದ್ದು, ದೀದಿ. ಆಲೂಗಡ್ಡೆ ಹಾಕಿದ್ದು. ಅದು ಯಾವಾಗ?"

ಸಭೆ ಕಾಯುತ್ತಿತ್ತು. ಮೇಡಂ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು: "ಕೊಟ್ಟ ಮಾತನ್ನು ನಡೆಸಿಕೊಡಿ ಎಂದು ರೈತರು ಲೋಕವನ್ನು ಕೇಳುತ್ತಿದ್ದಾರೆ."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬರು ಕಣ್ಣೊರೆಸಿಕೊಂಡರು. ರೈತರು ಸುತ್ತ ನೋಡಿ, ಬಿರಿಯಾನಿ ಖಚಿತವಾಯಿತೆಂದುಕೊಂಡು ಕೈಮುಗಿದರು.

ಮೊಸರಿನ ಊರು

ಅದೇ ದಿನ ಸಂಜೆ ಒಬ್ಬ ವಿಜ್ಞಾನಿ ಅಮ್ಮ ಭಾಷಣ ಮಾಡಿ, ದನಗಳು ತೇಗಿ ತೇಗಿ ಭೂಮಿ ಬಿಸಿಯಾಗುತ್ತಿದೆ, ಹಾಲು ಮೊಸರು ನಿಲ್ಲಲಿ ಎಂದರು. ರಾತ್ರಿ ಊಟದಲ್ಲಿ ಹಾಲಿನದು ಏನೂ ಬೇಡವೆಂದು ಅಪ್ಪಣೆಯಾಯಿತು.

"ಮಜ್ಜಿಗೆ ಇಲ್ಲದಿದ್ದರೆ ಊಟ ಮುಗಿಯಿತು ಅಂತ ಜನರಿಗೆ ಗೊತ್ತಾಗುವುದು ಹೇಗೆ ಮಾರಾಯ?" ಎಂದು ಯಜಮಾನರು ನನ್ನನ್ನು ಕೇಳಿದರು.

ನಾನು ಪಾತ್ರೆ ತೊಳೆಯಲು ಹಿತ್ತಿಲ ಬಾಗಿಲಿಗೆ ಹೋದರೆ, ಅಲ್ಲಿ ಡೈರೆಕ್ಟರು ಒಬ್ಬರೇ ನಿಂತು ಮಣ್ಣಿನ ಕುಡಿಕೆಯಿಂದ ಮಿಷ್ಟಿ ದೋಯಿ, ಅಂದರೆ ಬಂಗಾಳದ ಸಿಹಿ ಮೊಸರು, ತಿನ್ನುತ್ತಿದ್ದರು. ನನ್ನನ್ನು ಕಂಡು ಬೆಚ್ಚಿದರು. ನನ್ನ ಹಿಂದೆಯೇ, ಕೈ ತೊಳೆಯುವ ಜಾಗ ಹುಡುಕುತ್ತಾ ಆ ವಿಜ್ಞಾನಿ ಅಮ್ಮ ಬಂದರು. ಕುಡಿಕೆ ನೋಡಿದರು. ಡೈರೆಕ್ಟರನ್ನು ನೋಡಿದರು.

ಡೈರೆಕ್ಟರು ಚಮಚ ಕೆಳಗಿಳಿಸದೆ ಗಂಭೀರವಾಗಿ ಹೇಳಿದರು: "ಮೇಡಂ, ಇದು ದನದ್ದಲ್ಲ. ಬಂಗಾಳದ್ದು."

ಆಕೆ ಒಂದು ಚಮಚ ಪರೀಕ್ಷೆ ಮಾಡಿದರು. ಒಂದು ಪರೀಕ್ಷೆಯಿಂದ ಏನೂ ಹೇಳಲು ಬರುವುದಿಲ್ಲವೆಂದು ಕುಡಿಕೆಯನ್ನೇ ಇಸಿದುಕೊಂಡರು.

ಬಾಗಿಲಲ್ಲಿ ತಕ್ಕಡಿ

ಕೊನೆಯ ದಿನದ ಬೆಳಗಿನ ಸಭೆಯಲ್ಲಿ, ಲೋಕದಲ್ಲಿ ಬೆಳೆದದ್ದರಲ್ಲಿ ಎಷ್ಟೋ ಪಾಲು ತಿಪ್ಪೆ ಸೇರುತ್ತಿದೆ, ಎಲೆಯಲ್ಲಿ ಒಂದಗುಳೂ ಬಿಡಬಾರದು ಎಂದು ಎಲ್ಲರೂ ಪ್ರತಿಜ್ಞೆ ಮಾಡಿದರು. ಊಟದ ಕೋಣೆಯ ಬಾಗಿಲಲ್ಲಿ ಒಂದು ತಕ್ಕಡಿ ಇಟ್ಟರು. ಉಂಡೆದ್ದವರು ಎಲೆಯನ್ನು ತಾವೇ ತಂದು, ಬಿಟ್ಟದ್ದನ್ನು ಎಲ್ಲರೆದುರು ತೂಗಿಸಬೇಕು. ಡೈರೆಕ್ಟರು ಯಜಮಾನರನ್ನು ಕರೆದು ಹೇಳಿದರು: "ಇವತ್ತು ತಕ್ಕಡಿ ಅಲ್ಲಾಡಿದರೆ ಕ್ಯಾಂಟೀನ್ ಬೇರೆಯವರಿಗೆ."

ಯಜಮಾನರು ಎಲ್ಲರಿಗೂ ಕಟ್ಟಪ್ಪಣೆ ಮಾಡಿದರು. ಚಮಚೆಯಲ್ಲಿ ಬಡಿಸಿ, ಕೇಳಿದರೆ ಮಾತ್ರ ಹಾಕಿ. ಆದರೆ ಬಡಿಸುವ ಇಬ್ಬರು ಜ್ವರ ಬಂದು ಮಲಗಿದ್ದರು. ಕಾಳಿಘಾಟ್ ನೋಡಲೆಂದು ಕುಂದಾಪುರದಿಂದ ಬಂದಿದ್ದ ಯಜಮಾನರ ಸೋದರಮಾವ, "ನಾನಿಲ್ವಾ?" ಎಂದು ಪಂಚೆ ಎತ್ತಿ ಕಟ್ಟಿದರು. ಜೀವಮಾನವೆಲ್ಲ ಮದುವೆ, ಉಪನಯನಗಳಲ್ಲಿ ಬಡಿಸಿದ ಕೈ. ಕಿವಿ ಸ್ವಲ್ಪ ಮಂದ. ಇಂಗ್ಲಿಷು, ಹಿಂದಿ, ಬಂಗಾಳಿ ಯಾವುದೂ ಬಾರದು. ಅಳಿಯನ ಅಪ್ಪಣೆ ಅವರಿಗೆ ತಲುಪಿತೋ ಇಲ್ಲವೋ, ದೇವರೇ ಬಲ್ಲ.

ಮಾವನ ಶಾಸ್ತ್ರದಲ್ಲಿ ಖಾಲಿ ಎಲೆಯೆಂದರೆ ಬಡಿಸುವವನಿಗೆ ಅವಮಾನ. ಉಣ್ಣುವವರು ಬೇಡ ಎಂದರೆ ಅದು ಸಂಕೋಚ. ಕೈ ಅಡ್ಡ ಹಿಡಿದರೆ ದೊಡ್ಡ ಮನೆತನದ ಸಂಕೋಚ. ಸಾಕಾದವರು ಎಲೆಯಲ್ಲಿ ಒಂದಿಷ್ಟು ಬಿಟ್ಟು ಸುಮ್ಮನಾಗುತ್ತಾರೆ, ಆಗ ಇವರು ಮುಂದೆ ಹೋಗುತ್ತಾರೆ.

ಇಲ್ಲಿ ಬಿಡುವ ಹಾಗಿಲ್ಲ. ಬಾಗಿಲಲ್ಲಿ ತಕ್ಕಡಿ.

ಮಾವ ಅನ್ನ ಹಾಕಿದರು. ಅತಿಥಿಗಳು ತಿಂದು ಎಲೆ ಖಾಲಿ ಮಾಡಿದರು. ಖಾಲಿ ಎಲೆ ಕಂಡು ಮಾವ ಮತ್ತೆ ಹಾಕಿದರು. ಹಿಮದ ಊರಿನವರು ಎರಡು ಕೈ ಅಡ್ಡ ಹಿಡಿದರು. "ಎಂತ ನಾಚಿಕೆ, ಉಣ್ಣಿ, ದೂರದಿಂದ ಬಂದವರು" ಎಂದು ಮಾವ ಬೆರಳ ಸಂದಿಯಲ್ಲೇ ಸಾರು ಬಿಟ್ಟರು. ವಿಜ್ಞಾನಿ ಅಮ್ಮ ಕೈಮುಗಿದರು. ಆ ಭಕ್ತಿಗೆ ಮೆಚ್ಚಿ ಎರಡು ಹೋಳಿಗೆ ಬಿದ್ದವು. ಎಲೆ ಮಡಚಿದರೆ ಮುಗಿಯುತ್ತಿತ್ತು. ಅದು ಅವರಿಗೆ ಗೊತ್ತಿರಲಿಲ್ಲ, ಹೇಳಬೇಕಾದ ಮೇಡಂ ತಮ್ಮ ಎಲೆಯ ಮೂರನೇ ಅನ್ನದ ಜೊತೆ ಹೋರಾಡುತ್ತಿದ್ದರು. ಯಜಮಾನರು ದೂರದಿಂದ "ಮಾವಾ, ಸಾಕು!" ಎಂದು ಕೂಗಿದರು. ಮಾವ ತಲೆಯಾಡಿಸಿ ಪಾಯಸ ತಂದರು.

ಕೊನೆಗೆ ಒಬ್ಬೊಬ್ಬರೇ ಗೋಡೆ ಹಿಡಿದು ಬಾಗಿಲಿಗೆ ಬಂದು ತಕ್ಕಡಿಯ ಮೇಲೆ ಎಲೆ ಕೊಡವಿದರು. ತಕ್ಕಡಿ ಅಲ್ಲಾಡಲಿಲ್ಲ. ಕರಿಬೇವನ್ನೂ ತಿಂದಿದ್ದರು.

ಮಧ್ಯಾಹ್ನದ ಸಭೆಯ ವಿಷಯ 'ಹಸಿವಿನ ಸವಾಲು'. ಸಭಾಂಗಣದಲ್ಲಿ ಗೊರಕೆ ಬಿಟ್ಟರೆ ಬೇರೆ ಚರ್ಚೆ ಇರಲಿಲ್ಲ. ಕುರ್ಚಿಯಲ್ಲಿ ಒರಗಿದ್ದ ಡೈರೆಕ್ಟರು ಕಣ್ಣು ತೆರೆಯದೆ ಯಜಮಾನರಿಗೆ ಹೇಳಿದರು: "ಕ್ಯಾಂಟೀನ್ ನಿಮ್ಮದೇ. ಆ ಮುದುಕರನ್ನು ಮಾತ್ರ ಇವತ್ತೇ ಊರಿಗೆ ಕಳಿಸಿ."

ಯಜಮಾನರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊರಗೆ ಬಂದರೆ ಮಾವ ಖಾಲಿ ಕೊಪ್ಪರಿಗೆಯ ಪಕ್ಕದಲ್ಲಿ ತಲೆಗೆ ಕೈಹೊತ್ತು ಕೂತಿದ್ದರು.

"ಎಂತ ಆಯ್ತು ಮಾವ?"

"ಲೋಕದಲ್ಲಿ ಹಸಿವು ಉಂಟು ಅಂತ ಇವರೆಲ್ಲ ಮೂರು ದಿನದಿಂದ ಮಾತಾಡ್ತಿದ್ದಾರೆ ಅಂತ ನೀನು ಹೇಳಿದಾಗ ನಾನು ನಂಬಿರಲಿಲ್ಲ ಮಾರಾಯಾ," ಎಂದರು ಮಾವ, ಕಣ್ಣಲ್ಲಿ ನೀರು ತಂದುಕೊಂಡು. "ಇವತ್ತು ಕಣ್ಣಾರೆ ಕಂಡೆ. ಎಷ್ಟು ಹಾಕಿದರೂ ಎಲೆ ಖಾಲಿ. ಪಾಪ, ಎಷ್ಟು ದಿನವಾಗಿತ್ತೋ ಉಂಡು!"