ನಕ್ಷೆಯ ಮಡಿಕೆ

ಎಲ್ಲ ರಾದ್ಧಾಂತಕ್ಕೂ ಕಾರಣ ಹಳೇ ನಕ್ಷೆಯ ಒಂದು ಮಡಿಕೆ.

ಹಾಸ್ಲಿಂಗನ್‌ನಲ್ಲಿ ಏಳು ವರ್ಷಕ್ಕೊಮ್ಮೆ ಊರಿಗೆ ಊರೇ ಬ್ಯಾಂಡು ಬಾರಿಸುತ್ತ ಗಡಿಯುದ್ದಕ್ಕೂ ನಡೆಯುತ್ತದೆ. ಕೊನೆಯ ಗಡಿಕಲ್ಲಿನ ಮೇಲೆ ಊರಿನವರೊಬ್ಬರನ್ನು ಮೂರು ಸಲ ಎತ್ತಿ ಕುಕ್ಕಿದರೆ ಅವರು ಜೀವಮಾನವಿಡೀ ‘ಗಡಿಯಜ್ಜ’ ಇಲ್ಲವೇ ‘ಗಡಿಯಜ್ಜಿ’. ಹೀಗೆ ಕುಕ್ಕಿಸಿಕೊಳ್ಳುವ ಭಾಗ್ಯಕ್ಕಾಗಿ ನಿವೃತ್ತ ಭೂಗೋಳದ ಮೇಷ್ಟ್ರು ಒಟ್ಟೋಕರ್ ನಲವತ್ತು ವರ್ಷದಿಂದ ಕಾದಿದ್ದರು.

“ಲಿಂಬಾ ಹೊಳೆ ಮುನ್ನೂರು ವರ್ಷದ ಹಿಂದೆ ಬೇರೆ ಕಡೆ ಹರೀತಿತ್ತು,” ಎಂದು ನಕ್ಷೆ ತೋರಿಸಿದರು. “ನಮ್ಮ ಗಡಿ ಇರೋದು ಆ ಹಳೇ ಹರಿವಿನ ಗುಂಟ. ಆಚೆ ದಡದ ಹುಲ್ಲುಗಾವಲು ನಮ್ದೇ! ಪಕ್ಕದೂರು ಗ್ರಾಯ್‌ವೀಲರ್‌ನೋರು ಪುಕ್ಕಟೆ ಮೇಯಿಸ್ತಿದಾರೆ.”

ಮೇಯರ್ ಕ್ನಾಪ್ ಹಿಗ್ಗಿದರು. “ಈ ಸಲ ಕಲ್ಲಿನ ಮೇಲೆ ನೀವೇ, ಮೇಷ್ಟ್ರೇ. ಆದ್ರೆ ಹಳೇ ಗೆರೆ ಪೂರ್ತಿ ನಡೀಬೇಕು. ಅಡ್ಡ ಏನೇ ಬರ್ಲಿ, ಸುತ್ತು ಹಾಕೋ ಹಾಗಿಲ್ಲ.”

ಬೆಳಗ್ಗೆ ಮಂಜು ಎಷ್ಟಿತ್ತೆಂದರೆ ನಡೆಯುವವರಿಗೆ ತಮ್ಮ ಕಾಲೇ ಕಾಣುತ್ತಿರಲಿಲ್ಲ. ಎಂದೋ ಬತ್ತಿದ ಹೊಳೆಯ ಹಾದಿಯಲ್ಲಿ ತುತ್ತೂರಿಗಳ ದನಿ ತೇಲುತ್ತಿತ್ತು. ಈ ದಿನ ಮುಗಿಯದಿದ್ದರೆ ಸಾಕು ಅನ್ನಿಸಿತು ಮೇಷ್ಟ್ರಿಗೆ.

ಹುಲ್ಲುಗಾವಲು ದಾಟಿದ ಮೇಲೆ ಮೇಷ್ಟ್ರ ಪಕ್ಕದ ಮನೆಯ ವಾಲ್‌ಬುರ್ಗಾ ನಕ್ಷೆಗೆ ಕೈ ಹಾಕಿದಳು. “ಅಯ್ಯೋ, ಅರ್ಧಾನೇ ನೋಡಿದೀರಲ್ಲ! ಈ ಮಡಿಕೆ ಬಿಡಿಸ್ಬೇಡ್ವಾ?”

ಮಡಿಕೆಯೊಳಗೆ ಗೆರೆ ಸರಕ್ಕನೆ ತಿರುಗಿ ಈಚೆ ದಡಕ್ಕೆ ಹಾರಿತ್ತು. ಜನ ಅದರ ಹಿಂದೆಯೇ ಸೇತುವೆ ದಾಟಿದರು, ವಾಲ್‌ಬುರ್ಗಾಳ ಕೋಳಿಗೂಡು ಹತ್ತಿಳಿದರು, ಮೇಷ್ಟ್ರ ಎಲೆಕೋಸು ತುಳಿದರು. ಕೊನೆಗೆ ಅವರದೇ ಅಡುಗೆಮನೆಯ ಕಿಟಕಿಯಿಂದ ಒಬ್ಬೊಬ್ಬರಾಗಿ ಒಳಗಿಳಿದು, ಡೋಲು ಬಾರಿಸುತ್ತಲೇ ನಡುಮನೆ ಹಾದು ಹೊರಬಿದ್ದರು.

ಕ್ನಾಪ್ ಮಾತ್ರ ಒಳಗೇ ನಿಂತರು. “ಮೇಷ್ಟ್ರೇ, ನಿಮ್ಮ ಮಂಚ ಎಲ್ಲಿದೆ?”

“ಗೆರೆಯಾಚೆ. ಯಾಕೆ?”

“ಮಲಗೋ ಜಾಗ ಯಾವೂರಿಗೆ ಸೇರುತ್ತೋ ಆ ಊರಿನವರು ಅಂತಲ್ವೇ ನಮ್ಮ ಕಟ್ಟಳೆ? ನೀವೀಗ ಗ್ರಾಯ್‌ವೀಲರ್‌ನೋರು.”

“ಈಚೆ ಎಳೀತೀನಿ, ಒಂದೇ ನಿಮಿಷ!”

ಮಂಚವನ್ನು ಮೇಷ್ಟ್ರ ತಾತ ಕೋಣೆಯೊಳಗೇ ಕೂತು ಮಾಡಿದ್ದ. ಅದು ಬಾಗಿಲಲ್ಲಿ ಹಿಡಿಸಲೇ ಇಲ್ಲ. ಹೊರಗೆ ಮಂಜಿನಲ್ಲಿ, ಕೊನೆಯ ಕಲ್ಲಿನ ಮೇಲೆ, ಅವರ ಬದಲು ವಾಲ್‌ಬುರ್ಗಾಳನ್ನು ಮೂರು ಸಲ ಕುಕ್ಕಿದರು. ಹರ್ಷೋದ್ಗಾರ ಕೇಳಿ ಮೇಷ್ಟ್ರಿಗೆ ಅಳುವೇ ಬಂತು.

ಸಂಜೆ ಗ್ರಾಯ್‌ವೀಲರ್‌ನ ಮೇಯರಮ್ಮ, ಹೊಸ ಒಕ್ಕಲಿಗೆ ಕೊಡುವ ಬ್ರೆಡ್ಡು ಉಪ್ಪು ಹಿಡಿದು ಬಂದರು. “ಬನ್ನಿ ಮೇಷ್ಟ್ರೇ, ನೀವಿನ್ನು ನಮ್ಮೋರು. ಬರೋ ವರ್ಷ ನಮ್ಮ ಗಡಿನಡಿಗೆ. ಆ ನಕ್ಷೆ ಸುಳ್ಳು ಅಂತ ತೋರಿಸಿ ಹುಲ್ಲುಗಾವಲು ವಾಪಸ್ ಕೊಡ್ಸಿ, ನಮ್ಮ ಕಲ್ಲಿನ ಮೇಲೆ ನಿಮ್ಮನ್ನೇ ಕುಕ್ತೀವಿ.”

ಮೇಷ್ಟ್ರ ಮುಖ ಅರಳಿತು. ಕನ್ನಡಕ ಏರಿಸಿ ನಕ್ಷೆ ಹರಡಿದರು.

“ಒಂದೇ ಮಾತು,” ಅಂದರು ಮೇಯರಮ್ಮ. “ನಮ್ಮಲ್ಲೂ ಕಲ್ಲಿನ ಮೇಲೆ ಕೂರೋಕೆ ನಮ್ಮೂರಿನೋರೇ ಆಗಿರ್ಬೇಕು.”

ನಕ್ಷೆ ಸುಳ್ಳಾದರೆ ಮಂಚ ಮತ್ತೆ ಹಾಸ್ಲಿಂಗನ್‌ಗೆ ಸೇರುತ್ತದೆ. ಮೇಷ್ಟ್ರು ನಕ್ಷೆಯನ್ನು ಮೊದಲಿದ್ದ ಹಾಗೆಯೇ ಮಡಿಚಿ, ಬ್ರೆಡ್ಡನ್ನು ಉಪ್ಪಿಗೆ ಅದ್ದಿ ತಿಂದರು.