ಊದಿದ ರೆಪ್ಪೆ, ಹೋದ ಮಾನ

ಮಾನ ಕಳೆದುಕೊಳ್ಳಲು ಜನ ಏನೇನೋ ಮಾಡಬೇಕಾಗುತ್ತದೆ. ನನಗೆ ಕಣ್ಣು ಬಿಟ್ಟರೆ ಸಾಕು. ರೆಪ್ಪೆಯ ಅಂಚು ಸದಾ ಕೆಂಪು, ಊತ, ತುರಿಕೆ, ಬೆಳಿಗ್ಗೆ ಎದ್ದರೆ ಕಣ್ಣು ಅಂಟಿಸುವ ಪಿಸುರು. ಅದೂ ಮಗಳಿಗೆ ಗಂಡು ಹುಡುಕುವ ಹೊತ್ತಿಗೇ ಶುರುವಾಗಬೇಕೆ!

೧. ಸಾಗರದ ಡಾಕ್ಟರು

ಕಣ್ಣಿನ ಡಾಕ್ಟರು ನೋಡಿ, "ಇದು ಅಂಟುರೋಗ ಅಲ್ಲ. ರೆಪ್ಪೆ ಬುಡದಲ್ಲಿ ಎಣ್ಣೆ ಕಟ್ಟಿಕೊಂಡು ಹೀಗಾಗಿದೆ. ದಿನಾ ಹದ ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟು, ಆಮೇಲೆ ಅಂಚು ಮೆತ್ತಗೆ ಒರೆಸಿ" ಅಂದರು.

"ಪೂರ್ತಿ ವಾಸಿ ಆಗಲ್ವಾ?"

"ಹಾಗೆ ಹೇಳಕ್ಕಾಗಲ್ಲ. ದಿನಾ ವಿಚಾರಿಸ್ಕೊಂಡ್ರೆ ಸುಮ್ನಿರುತ್ತೆ. ಬಿಟ್ರೆ ಮತ್ತೆ ಕೆಂಪಾಗುತ್ತೆ."

"ಅಂಥದ್ದೊಂದನ್ನ ಮದುವೆ ಆದಾಗಿಂದ ಸಾಕ್ತಾ ಇದೀನಿ ಡಾಕ್ಟ್ರೇ" ಅಂದೆ.

ಪರದೆಯಾಚೆ ನಮ್ಮನೆಯವರು ಕೆಮ್ಮಿದ್ದು ಕೇಳಿಸಿತು.

೨. ಹೊಸನಗರದ ಮದುವೆ ಊಟ

ಒಳ್ಳೆಯ ಗಂಡಿನ ಮನೆಯವರು ಬರುತ್ತಾರೆಂದು ಮಗಳನ್ನು ಕರೆದುಕೊಂಡು ಹೋಗಿದ್ದೆ. ಪಂಕ್ತಿಯಲ್ಲಿ ಕೂತಿದ್ದೇ ತಡ, "ಮದ್ರಾಸ್ ಐ" ಅಂತ ಗುಸುಗುಸು ಹಬ್ಬಿತು. ನೋಡಿದರೇ ಅಂಟುತ್ತದೆ ಅನ್ನುವವರು ನಮ್ಮ ಕಡೆ ಇನ್ನೂ ಇದ್ದಾರೆ. ಬಡಿಸುವವರೆಲ್ಲ ಮುಖ ಆಚೆ ತಿರುಗಿಸಿಕೊಂಡೇ ಬಡಿಸಿದರು. ನಮ್ಮಲ್ಲಿ ಬಾಯಲ್ಲಿ ಸಾಕು ಅಂದರೆ ಅದು ಬರೀ ಸಂಕೋಚದ ಮಾತು, ಮುಖ ನೋಡಿದ ಮೇಲೇ ನಂಬುವುದು. ನನ್ನ ಮುಖ ಯಾರು ನೋಡಬೇಕು? ಎಲೆ ತುಂಬ ಹೋಳಿಗೆ ಬಿತ್ತು. ಬಿಟ್ಟೇಳುವುದು ಮರ್ಯಾದೆಯಲ್ಲವೆಂದು ಅಷ್ಟನ್ನೂ ತಿಂದೆ. ಪಕ್ಕದಲ್ಲಿದ್ದ ಮಗಳು ತಲೆ ಎತ್ತಲಿಲ್ಲ. ನನಗೆ ನಿಜಕ್ಕೂ ಅಳು ಬಂತು.

ಹೊರಡುವಾಗ ಗಂಡಿನ ತಾಯಿ ದೂರದಿಂದಲೇ ಅಂದರು: "ಪಾಪ, ಕಣ್ಣು ಹಾಗಿದ್ರೂ ಊಟಕ್ಕೇನೂ ತೊಂದ್ರೆ ಇಲ್ಲ."

೩. ತೀರ್ಥಹಳ್ಳಿ, ನಮ್ಮ ಮನೆ

ಅಂಟುರೋಗ ಅಲ್ಲವೆಂದು ಖಾತ್ರಿ ಮಾಡಿಕೊಂಡು ಅವರೇ ಹೆಣ್ಣು ನೋಡಲು ಬಂದರು. ಮಗಳಿಗೆ ಹುಡುಗ ಇಷ್ಟವಾಗಿದ್ದ. ಈ ಸಲವಾದರೂ ನನ್ನಿಂದ ಕೆಡದಿರಲಿ ಅಂತ ದೇವರಿಗೆ ಕೈ ಮುಗಿದಿದ್ದೆ. ಕೈಕಾಲು ತೊಳೆಯಲು ಬಚ್ಚಲಿಗೆ ಹೋದ ಗಂಡಿನ ತಾಯಿ ಮುಖ ಗಂಟು ಹಾಕಿಕೊಂಡು ಹೊರಬಂದರು.

"ಮನೇಲಿ ಕೂಸು ಇದ್ಯಾ?"

"ಇಲ್ಲ, ನಾವು ಮೂರೇ ಜನ."

"ಮತ್ತೆ ಅಲ್ಲಿ ಎಂತಕ್ಕೆ ಕೂಸಿನ ಶಾಂಪೂ?"

ಮಗಳ ಮುಖ ಬಿಳಿಚಿಕೊಂಡಿತು. ರೆಪ್ಪೆ ತೊಳೆಯುವ ನೀರಿಗೆ ಅದನ್ನು ಒಂದೆರಡು ಹನಿ ಹಾಕಿಕೊಳ್ಳಿ ಅಂತ ಡಾಕ್ಟರು ಎರಡನೇ ಸಲ ನಾನೊಬ್ಬಳೇ ಹೋದಾಗ ಹೇಳಿದ್ದರು. ಈ ವಯಸ್ಸಲ್ಲಿ ಅದನ್ನು ಕೊಳ್ಳಲು ನಾಚಿಕೆಯಾಗಿ ಮನೆಯಲ್ಲಿ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದೆ; ಅವತ್ತೇ ಎತ್ತಿಡಲು ಮರೆತಿದ್ದೆ. ಮಗಳ ಮಾನ ಉಳಿಸುವ ಗಡಿಬಿಡಿಯಲ್ಲಿ ಕೂಗಿಬಿಟ್ಟೆ: "ಅಯ್ಯೋ, ಅದು ಅವಳದ್ದಲ್ಲ, ನಂದು!"

ಎಲ್ಲರೂ ನನ್ನ ಹೊಟ್ಟೆ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರೆಪ್ಪೆ ತೋರಿಸಿ ವಿವರಿಸುವಷ್ಟರಲ್ಲಿ ನಮ್ಮನೆಯವರು ಕುರ್ಚಿಯಿಂದ ಎದ್ದು, ಗಂಡಿನ ತಂದೆಗೆ ಕೈ ಮುಗಿದರು.

"ದೇವರಾಣೆ ನಂಗೂ ಈಗ್ಲೇ ಗೊತ್ತಾಗಿದ್ದು ಮಾರಾಯ್ರೇ! ಹಾಗಂತ ಮಗಳ ಸಂಬಂಧ ಬಿಡ್ಬೇಡಿ. ಅವಳ ಮದುವೆ, ಇವಳ ಬಾಣಂತನ, ಎರಡೂ ಒಟ್ಟಿಗೇ ಸುಧಾರಿಸ್ತೀನಿ!"