ಸತ್ಯಮ್ಮನ ಪಹರೆ

ಬಸವಣ್ಣೆಪ್ಪನ ಫಜೀತಿಗೆ ಅವನ ದಾಹವೇ ಕಾರಣ. ದಿನಕ್ಕೊಂದು ಕೊಡ ನೀರು ಕುಡಿಯುತ್ತಿದ್ದ, ಕುಡಿದಷ್ಟೂ ಸಲ ಬಚ್ಚಲಿಗೆ ಓಡುತ್ತಿದ್ದ. ಬೀದರಿನ ಡಾಕ್ಟರರು ಒಂದು ಪರೀಕ್ಷೆ ಹೇಳಿದರು: ರಾತ್ರಿ ಊಟವಾದ ಮೇಲೆ ಹನಿ ನೀರೂ ಕುಡಿಯಬಾರದು. ಬೆಳಗಿನ ಮೂತ್ರ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ತೆಳ್ಳಗಿದ್ದರೆ ದವಾಖಾನೆಗೆ ಸೇರಿಸಿ, ಹಗಲೆಲ್ಲ ನೀರಿಲ್ಲದೆ ಕೂರಿಸಿ ನೋಡಬೇಕು.

ಹೆಂಡತಿ ಸತ್ಯಮ್ಮನಿಗೆ ಗಂಡನ ಮೇಲೆ ಎಳ್ಳಷ್ಟೂ ಭರವಸೆ ಇರಲಿಲ್ಲ. ಕೊಡವನ್ನು ಅಡುಗೆಮನೆಯಲ್ಲಿಟ್ಟು ಬೀಗ ಜಡಿದು, ಬಾಗಿಲಿಗೆ ಅಡ್ಡ ಮಲಗಿದಳು. ಬೆಳಿಗ್ಗೆ ಬಾಯಿ ಮುಕ್ಕಳಿಸಲು ತಾನೇ ಎದುರು ನಿಂತು ನೀರು ಕೊಟ್ಟಳು.

"ಉಗಳ್ರಿ. ಕೊಟ್ಟಷ್ಟೂ ಹೊರಗ ಬರಬೇಕು."

ನೀರೇ ಕಾಣದ ಹೊಟ್ಟೆಯಿಂದ ಬರುವುದಾದರೂ ಎಷ್ಟು? ಲ್ಯಾಬಿನವರು ಕೊಟ್ಟ ಡಬ್ಬಿಯ ತಳ ಮುಚ್ಚುವಷ್ಟು ಬಂತು. ಅದನ್ನು ಬಚ್ಚಲ ಕಟ್ಟೆಯ ಮೇಲಿಟ್ಟು ಅಂಗಿ ತೊಡಲು ಹೋದ. ಬರುವಷ್ಟರಲ್ಲಿ ಸತ್ಯಮ್ಮ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟು ನಿಂತಿದ್ದಳು.

ಪಕ್ಕದ ಮನೆಯ ಜಹೀರೋದ್ದೀನ ಆಟೋ ತಂದವನೇ ಪೊಲೀಸನ ಹಾಗೆ ದಿಟ್ಟಿಸಿದ. "ಕಾಕಾ, ಮೀಸಿ ಹಸಿ ಅದ. ನನಗ ಶಕ್ ಬರ್ಲಿಕತ್ತದ."

"ಮುಖ ತೊಳ್ಕೊಂಡೀನಪಾ."

ಜಹೀರೋದ್ದೀನ ನಂಬಲಿಲ್ಲ. ಚಿದ್ರಿಯ ಮನೆಯಿಂದ ಲ್ಯಾಬಿನವರೆಗೂ ಕನ್ನಡಿಯಲ್ಲಿ ಆ ಮೀಸೆಯನ್ನೇ ನೋಡುತ್ತ ಆಟೋ ಓಡಿಸಿದ.

ಲ್ಯಾಬಿನ ಹುಡುಗಿ ಸುಮನ ಮೂತ್ರವನ್ನು ಯಂತ್ರಕ್ಕಿಟ್ಟು ನೋಡಿ ಹುಬ್ಬು ಗಂಟಿಕ್ಕಿದಳು. "ಬರೇ ನೀರು ಇದ್ದಂಗ ಅದರಿ ಕಾಕಾ. ಖರೇ ಹೇಳ್ರಿ, ಎಷ್ಟು ಗಿಲಾಸ ಕುಡದೀರಿ?"

"ದೇವರಾಣಿ, ಹನಿ ಮುಟ್ಟಿಲ್ಲವಾ. ನಾಲಿಗಿ ಒಣಗಿ ಕಟ್ಟಿಗಿ ಆಗ್ಯಾದ."

"ಆ ಮೀಸಿ," ಎಂದ ಜಹೀರೋದ್ದೀನ ಮೆಲ್ಲಗೆ.

ಬಸವಣ್ಣೆಪ್ಪ ಹೆಂಡತಿಯ ಕಡೆ ದೀನನಾಗಿ ನೋಡಿದ. ಅವನಿಗಿದ್ದ ಸಾಕ್ಷಿ ಅವಳೊಬ್ಬಳೇ.

"ಬಚ್ಚಲದಾಗ ಅಷ್ಟೊತ್ತು ಏನ್ ಮಾಡ್ತಿದ್ರಿ? ನಳ ಅಲ್ಲೇ ಅದ," ಎಂದಳು ಸಾಕ್ಷಿ.

ಬಸವಣ್ಣೆಪ್ಪನಿಗೆ ಅಳುವೇ ಬಂತು. ಸುಮನ ಅವಳ ಕಡೆ ತಿರುಗಿದಳು. "ಕನಿಕರ ಬಂದು ನೀವೇ ಕೊಟ್ರೇನ್ರಿ ಕಾಕು?"

ಸತ್ಯಮ್ಮನಿಗೆ ಚುರ್ರೆಂದಿತು. "ನಾನಾ? ರಾತ್ರಿಯೆಲ್ಲ ಬಾಗಿಲಿಗಿ ಅಡ್ಡ ಬಿದ್ದೀನಿ. ಅವರ ಬಾಯಿಗಿ ಒಂದು ಹನಿ ಹಾಕಿಲ್ಲ. ಹಾಕಿದ್ದು ಡಬ್ಬಿಗಿ ಅಷ್ಟೇ."

"ಡಬ್ಬಿಗಿ?"

"ಮತ್ತ? ತಳದಾಗ ಇಷ್ಟೇ ಇತ್ತು. ಮಂದಿ ಕೊಟ್ಟ ಡಬ್ಬಿ ಅರ್ಧಮರ್ಧ ಹೊಳ್ಳಿ ಕೊಡೂ ಮನಿತನ ನಮ್ಮದಲ್ಲರಿ. ಕಂಠಮಟ ತುಂಬೀನಿ."

ಸುಮನ ಹಣೆ ಹಿಡಿದುಕೊಂಡು ಹೊಸ ಡಬ್ಬಿ ತೆಗೆದಳು. "ಇವತ್ತ ರಾತ್ರಿ ಊಟ ಆದ ಮ್ಯಾಲ ಮತ್ತ ನೀರ ಬಂದ್ ಮಾಡ್ರಿ. ನಾಳಿ ಬರ್ರಿ."

ರಾತ್ರಿಗೆ ಇನ್ನೂ ಹೊತ್ತಿತ್ತಲ್ಲ. ನಿರಪರಾಧಿ ಬಸವಣ್ಣೆಪ್ಪ ಮೂಲೆಯ ಫಿಲ್ಟರಿನಿಂದ ಗಿಲಾಸು ತುಂಬ ನೀರು ಹಿಡಿದು ತುಟಿಗೆ ತಂದ.

"ಈಗಿಂದ್ಲೇ ಬಂದ್ ಮಾಡ್ರಿ. ಮತ್ತ ನನ್ನ ಮ್ಯಾಲ ಶಕ್ ಬರಬಾರದು," ಎಂದು ಸತ್ಯಮ್ಮ ಗಿಲಾಸು ಕಸಿದುಕೊಂಡಳು. ರಾತ್ರಿಯೆಲ್ಲ ಕಾವಲು ಕಾದು ಅವಳಿಗೂ ಬಾಯಾರಿತ್ತು. ಗಟಗಟನೆ ತಾನೇ ಕುಡಿದಳು.